ಆರು ಗುಳಿಗೆಯ ಸಿಹಿನೀರು

“ಇದೂ ಸಕ್ಕರೀನ ಅಂತ ತಿಳೀರಿ. ಆದ್ರ ಇದು ಬ್ಯಾನಿ ಏರಸಂಗಿಲ್ಲ.”

ಈ ಮಾತನ್ನು ನಾನು ಎಷ್ಟು ಊರುಗಳಲ್ಲಿ, ಎಷ್ಟು ಜನರೆದುರು ಹೇಳಿದ್ದೇನೋ ನೆನಪಿಲ್ಲ. ಹೇಳುವಾಗ ಕೈಯಲ್ಲಿ ಒಂದು ಪುಟ್ಟ ಡಬ್ಬಿ ಹಿಡಿದಿರುತ್ತಿದ್ದೆ. ಅದರ ನೆತ್ತಿ ಒತ್ತಿದರೆ ಜೋಳದ ಕಾಳಿಗಿಂತ ಚಿಕ್ಕದಾದ, ಸಕ್ಕರೆಗೆ ಬದಲಾಗಿ ಹಾಕುವ ಬಿಳಿ ಗುಳಿಗೆ ಒಂದೊಂದೇ ಉದುರುತ್ತಿತ್ತು. ಒಂದು ಕಪ್ ಚಹಾಕ್ಕೆ ಒಂದು ಗುಳಿಗೆ ಸಾಕು. ಜನ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು, “ಅಬಾಬಾ, ಎಷ್ಟ ಸಿಹಿ ಐತ್ರಿ!” ಎಂದು ಕಣ್ಣರಳಿಸಿದರೆ ನನಗೆ ಒಳಗೊಳಗೇ ಹಿಗ್ಗು. ಆ ಮಾತು ಸುಳ್ಳೇನೂ ಅಲ್ಲ. ಆದರೆ ಅರ್ಧ ಹೇಳಿ ಬಿಟ್ಟ ಮಾತು, ಅದರಿಂದಲೇ ಒಂದು ಜೀವ ಹೋಗುವುದರಲ್ಲಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ಬೈಲಹೊಂಗಲದ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ನರ್ಸ್, ಜನರ ಬಾಯಲ್ಲಿ ‘ಬಾಯಾರು’. ಅಲ್ಲಿಯ ಡಾಕ್ಟರು ಸಕ್ಕರೆ ಕಾಯಿಲೆಯವರಿಗಾಗಿ ಹಳ್ಳಿಗಳಿಗೆ ಜೀಪು ಹೊರಡಿಸಿದ್ದರು. ಸೋಮವಾರ ದೊಡವಾಡ, ಬುಧವಾರ ಕಿತ್ತೂರಿನ ಆಚೆಯ ಒಂದು ಹಳ್ಳಿ, ಶುಕ್ರವಾರ ರಾಮದುರ್ಗ ತಾಲೂಕಿನ ಕಟಕೋಳ. ದೊಡವಾಡದಲ್ಲಿ ನನ್ನನ್ನು ಚಾವಡಿಯ ಮುಂದೆ ಇಳಿಸಿ, ಡಾಕ್ಟರು ಪಕ್ಕದ ಊರಿಗೆ ಹೋಗಿ ಮಧ್ಯಾಹ್ನ ಮೂರಕ್ಕೆ ಮರಳುತ್ತಿದ್ದರು. ಅಲ್ಲಿಯವರೆಗೆ ಚಾವಡಿಯ ರಾಜ್ಯ ನನ್ನದು.

ರಕ್ತ ಪರೀಕ್ಷಿಸುವ ಪುಟ್ಟ ಯಂತ್ರ ಒಂದೇ ಇತ್ತು, ಅದು ಡಾಕ್ಟರ ಚೀಲದಲ್ಲಿರುತ್ತಿತ್ತು. ನನ್ನ ಪಾಲಿಗೆ ಸ್ಪಿರಿಟ್ ದೀಪ, ಗಾಜಿನ ನಳಿಗೆಗಳು ಮತ್ತು ಬೆನೆಡಿಕ್ಟ್ ದ್ರಾವಣದ ನೀಲಿ ಬಾಟಲಿ. ನಳಿಗೆಗೆ ನೀಲಿ ದ್ರಾವಣ ಹಾಕಿ, ಮೂತ್ರದ ಎಂಟು ಹನಿ ಬಿಟ್ಟು, ಕುದಿಸಿ ನೋಡುವುದು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ ಎನ್ನುತ್ತಾ ಇಟ್ಟಂಗಿ ಬಣ್ಣಕ್ಕೆ ತಿರುಗಿದರೆ ಆ ಮನುಷ್ಯನ ಗ್ರಹಚಾರ ಕೆಟ್ಟಿತು ಎಂದೇ ಅರ್ಥ. ಕಾಯಿಲೆಯಿಂದಲ್ಲ, ನನ್ನ ಬಾಯಿಂದ. “ಯಾರ ಮನಿ ಮದವಿಗಿ ಹೋಗಿದ್ರಿ? ಎಷ್ಟ ಹೋಳಿಗಿ ಹೊಡದ್ರಿ? ಖರೇ ಹೇಳ್ರಿ!” ಎಂದು ಇಡೀ ಚಾವಡಿಗೆ ಕೇಳುವಂತೆ ಝಾಡಿಸುತ್ತಿದ್ದೆ. ಇನ್ಸುಲಿನ್ ಸೂಜಿ ಒಂದು ದಿನ ತಪ್ಪಿಸಿದವರಂತೂ ನನ್ನೆದುರು ಕುಳಿತುಕೊಳ್ಳಲೇ ಹೆದರುತ್ತಿದ್ದರು. ಜನರ ಒಳ್ಳೆಯದಕ್ಕೇ ಬೈಯುತ್ತಿದ್ದೇನೆಂಬ ಸೊಕ್ಕು ನನಗಿತ್ತು.

ಗುಳಿಗೆಯ ಬಗ್ಗೆ ಜನರಿಗಿದ್ದ ಅಂಜಿಕೆ ಒಂದೇ. ಕಟಕೋಳದ ಹಿರಿಯ ರೈತರೊಬ್ಬರು ಪ್ರತಿ ಶುಕ್ರವಾರವೂ ಅದನ್ನೇ ಕೇಳುತ್ತಿದ್ದರು: “ಇದನ್ನ ತಿಂದ್ರ ಕ್ಯಾನ್ಸರ್ ಆಗತೈತಂತಲ್ರಿ, ಖರೇ ಏನ್ರಿ?” ಡಾಕ್ಟರು ಬೇಸರಪಡದೆ ಪ್ರತಿ ಸಲವೂ ಉತ್ತರಿಸುತ್ತಿದ್ದರು. “ಇಲಿಗೋಳಿಗೆ ಮಿತಿಮೀರಿ ತಿನಿಸಿ ನೋಡಿದ್ದರಿಂದ ಹುಟ್ಟಿದ ಅಂಜಿಕಿ ಅದು, ಯಜಮಾನ್ರ. ನೀವು ಚಾದಾಗ ಒಂದ ಹಾಕ್ಕೋತೀರಿ. ಅಷ್ಟಕ್ಕ ಏನೂ ಆಗಂಗಿಲ್ಲ. ಬಸುರಿ ಹೆಣ್ಣುಮಕ್ಕಳು, ಸಣ್ಣ ಹುಡುಗ್ರು ಮಾತ್ರ ನಮ್ಮನ್ನ ಕೇಳದ ತಗೋಬ್ಯಾಡ್ರಿ.” ಗುಳಿಗೆ ಏನು ಕೆಡುಕು ಮಾಡೀತು ಎಂದು ಎಲ್ಲರೂ ಕೇಳಿದರು, ನಾವೂ ಉತ್ತರ ಕೊಟ್ಟೆವು. ಅದರ ಕೈಲಿ ಏನು ಆಗುವುದಿಲ್ಲ ಎಂಬುದನ್ನು ಯಾರೂ ಕೇಳಲಿಲ್ಲ, ನಾವಾಗಿಯೇ ಹೇಳಲೂ ಇಲ್ಲ.

ದೊಡವಾಡದ ನನ್ನ ರೋಗಿಗಳಲ್ಲಿ ಒಬ್ಬಾಕೆ ಅರವತ್ತು ದಾಟಿದ ಹೆಣ್ಣುಮಗಳು. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಎತ್ತರದ ಆಳು, ಹಣೆಯ ತುಂಬ ವಿಭೂತಿ, ಸೊಂಟದಲ್ಲಿ ಸದಾ ಎಲೆ ಅಡಿಕೆಯ ಚಂಚಿ. ಆ ಬಟ್ಟೆಯ ಚೀಲಕ್ಕೆ ಒಳಗೊಳಗೇ ನಾಲ್ಕೈದು ಕಿಸೆ. ಆಯಿ ಬೆಲ್ಲದ ಕಳ್ಳಿ. ಅಡುಗೆಮನೆಯಲ್ಲಿ ಬೆಲ್ಲ ಎಲ್ಲಿಟ್ಟರೂ ಹುಡುಕಿ ತೆಗೆಯುತ್ತಿದ್ದಳು. ಆಕೆಯ ನಳಿಗೆ ಮೂರು ತಿಂಗಳು ಇಟ್ಟಂಗಿ ಬಣ್ಣ ಬಿಟ್ಟು ಕದಲಲಿಲ್ಲ. ಕೊನೆಗೆ ಡಾಕ್ಟರು ದಿನಾ ಬೆಳಿಗ್ಗೆ ಒಮ್ಮೆ ಇನ್ಸುಲಿನ್ ಚುಚ್ಚಬೇಕೆಂದು ಬರೆದರು.

ಚುಚ್ಚುವ ಕೆಲಸ ಸೊಸೆಗೆ ಬಂತು. ಸವದತ್ತಿ ಕಡೆಯ ಹಳ್ಳಿಯವಳು, ಏಳನೆಯ ಇಯತ್ತೆ ಓದಿದವಳು, ಮೂವತ್ತರ ಆಸುಪಾಸಿನವಳು. ಮಾತು ಕಡಿಮೆ. ಬದನೆಕಾಯಿಗೆ ನೀರು ಚುಚ್ಚಿಸಿ ಅವಳಿಗೆ ಸೂಜಿ ಹಿಡಿಯುವುದನ್ನು ಕಲಿಸಿದೆ. ಗಾಜಿನ ಸಿರಿಂಜು ಕುದಿಸುವುದು, ಗೆರೆ ನೋಡಿ ಔಷಧ ಎಳೆಯುವುದು, ಗುಳ್ಳೆ ಹೊರಡಿಸುವುದು, ಬಾಟಲಿಯನ್ನು ಒದ್ದೆ ಮರಳಿನ ಗಡಿಗೆಯಲ್ಲಿ ತಂಪಾಗಿ ಇಡುವುದು, ಬೆವರು ನಡುಕ ಬಂದರೆ ಸಕ್ಕರೆ ನೀರು ಕುಡಿಸುವುದು, ಎಲ್ಲವನ್ನೂ ಒಂದೇ ಸಲಕ್ಕೆ ಕಲಿತಳು. ನಾನು ಹೇಳಿದ್ದನ್ನು ಒಂದು ಅಕ್ಷರವೂ ಬಿಡದೆ ಮಾಡುವ ಹುಡುಗಿ ಅವಳೊಬ್ಬಳೇ. ಸಕ್ಕರೆ, ಬೆಲ್ಲ ಮನೆಯಲ್ಲಿರಬಾರದು ಎಂದಿದ್ದೆ. ಅವಳು ಸಕ್ಕರೆಯ ಡಬ್ಬಿ ತೊಳೆದು ಮಗುಚಿಟ್ಟಳು, ಬೆಲ್ಲದ ಪೆಂಟಿಯನ್ನು ಹೊತ್ತೊಯ್ದು ಪಕ್ಕದ ಮನೆಯಲ್ಲಿಟ್ಟು ಬಂದಳು. ಮನೆಮಂದಿಯೆಲ್ಲ ಗುಳಿಗೆಯ ಚಹಾ ಕುಡಿಯತೊಡಗಿದರು. ಮುಂದಿನ ತಿಂಗಳು ಆಯಿಯ ನಳಿಗೆ ಹಸಿರಾಯಿತು. ನಾನು ಅದನ್ನು ಎತ್ತಿ ಹಿಡಿದು ಚಾವಡಿಗೆಲ್ಲ ತೋರಿಸಿದೆ. “ನೋಡ್ರಿ, ಸೊಸಿ ಅಂದ್ರ ಹಿಂಗ ಇರಬೇಕು.”

ಅದೇ ಊರಿಗೆ ಕೊಟ್ಟಿದ್ದ ಆಯಿಯ ಮಗಳು ಅಲ್ಲೇ ನಿಂತಿದ್ದಳು. “ಹೌದ್ರಿ, ನಮ್ಮವ್ವನ ಬಾಯಿ ಕಟ್ಟಿ ಇಟ್ಟಾಳ,” ಎಂದಳು. ನಾನು ನಕ್ಕು ಮುಂದಿನ ನಳಿಗೆ ಎತ್ತಿಕೊಂಡೆ.

ಶ್ರಾವಣ ಬಂತು. ನಮ್ಮ ಕಡೆ ಶ್ರಾವಣ ಸೋಮವಾರವೆಂದರೆ ಎಷ್ಟೋ ಮನೆಗಳಲ್ಲಿ ಒಪ್ಪತ್ತು. ಹಗಲೆಲ್ಲ ಉಪವಾಸವಿದ್ದು, ಸಂಜೆ ಪೂಜೆ ಮುಗಿಸಿ ಊಟ. ನಾನೂ ಅಂಥ ಮನೆಯಲ್ಲೇ ಬೆಳೆದವಳು. ಆದರೂ ಸೂಜಿ ಹಾಕಿಸಿಕೊಳ್ಳುವವರು ಉಪವಾಸ ಮಾಡಬಾರದು ಎಂದು ಹೇಳುವುದು ನನಗೆ ಹೊಳೆಯಲಿಲ್ಲ. ಸೂಜಿ ತಪ್ಪಿಸಬೇಡಿ ಎಂದು ಮಾತ್ರ ಎಲ್ಲರಿಗೂ ಗದರಿಸಿ ಹೇಳಿದ್ದೆ.

ಮೊದಲನೆಯ ಸೋಮವಾರ. ಹೊತ್ತು ಒಂದೂವರೆ ಇದ್ದಿರಬೇಕು. ಸೊಸೆ ಬರಿಗಾಲಲ್ಲಿ ಓಡಿ ಬಂದಳು. ಸೆರಗು ನೆಲಕ್ಕೆ ಬಿದ್ದಿತ್ತು.

“ಬಾಯಾರ, ಲಗೂನ ಬರ್ರಿ! ಅತ್ತಿ ಮಾತಾಡವಲ್ಲರು!”

ಔಷಧದ ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಜೀಪಿನ ಡ್ರೈವರ್ ಕಾಕಾ ನನ್ನನ್ನು ಇಳಿಸಿದ ಮೇಲೆ ಡಾಕ್ಟರ ಜೊತೆ ಪಕ್ಕದ ಊರಿಗೆ ಹೋಗಿದ್ದರು. ಚಾವಡಿಯಲ್ಲಿದ್ದ ಒಬ್ಬರು ತಮ್ಮ ಮೋಟಾರ್‌ಸೈಕಲ್ ತೆಗೆದು, “ಡಾಕ್ಟರನ್ನ ನಾ ಕರ್ಕೊಂಡ ಬರತೇನಿ,” ಎಂದು ಹೋದರು. ನಾನು, ಸೊಸೆ ಓಡಿದೆವು. ಓಡುತ್ತಲೇ ಕೇಳಿದೆ.

“ಬೆಳಿಗ್ಗೆ ಏನ ತಿಂದಾರ?”

“ಏನೂ ಇಲ್ರಿ. ಸೋಮಾರ ಅಲ್ಲೇನ್ರಿ? ಬರೇ ಚಾ ಕುಡದಾರ.”

“ಸೂಜಿ?”

“ಹಾಕೇನ್ರಿ. ನೀವ ಹೇಳಿದ್ರೆಲಾ, ಒಂದ ದಿನಾನೂ ತಪ್ಪಿಸಬ್ಯಾಡ ಅಂತ.”

ಖಾಲಿ ಹೊಟ್ಟೆ, ಮೇಲೆ ಸೂಜಿ. ರಕ್ತದ ಸಕ್ಕರೆ ಪೂರ್ತಿ ಇಳಿದಿರಬೇಕು.

“ಸಕ್ಕರಿ ನೀರ ಕುಡಸಬೇಕಿತ್ತಲ್ಲೇ ತಂಗಿ!”

“ಕುಡಿಸೇನ್ರಿ. ಬೆವರು ಬಂದು ಕೈ ನಡಗಾಕ ಹತ್ತಿದ ಕೂಡ್ಲೆ ಕುಡಿಸೇನಿ. ದೊಡ್ಡ ತಂಬಿಗಿ ತುಂಬ. ಆರು ಗುಳಿಗಿ ಹಾಕಿ.”

“ಗುಳಿಗಿ?”

“ಅದೂ ಸಕ್ಕರೀನ ಅಂದಿದ್ರೆಲ್ರಿ. ಬ್ಯಾನಿ ಏರಸಲಾರದ ಸಕ್ಕರಿ. ಮನ್ಯಾಗ ಬ್ಯಾರೆ ಸಕ್ಕರಿ ಎಲ್ಲೈತ್ರಿ? ಒಂದಕ್ಕ ಆರು ಹಾಕೇನಿ. ಭಾಳ ಸಿಹಿ ಆಗೈತಿ ಅಂದ್ರು, ಎಲ್ಲಾ ಕುಡದ್ರು. ಆದ್ರ ಆರಾಮ ಆಗಲಿಲ್ಲ.”

ಆ ಹುಡುಗಿ ನನ್ನ ಪಾಠವನ್ನು ನನಗೇ ಒಪ್ಪಿಸುತ್ತಿದ್ದಳು. ಒಂದು ಶಬ್ದವೂ ತಪ್ಪಿರಲಿಲ್ಲ. ಬ್ಯಾನಿ ಏರಿಸದ ಸಕ್ಕರೆ ಇಳಿದ ಜೀವವನ್ನೂ ಏರಿಸುವುದಿಲ್ಲ ಎಂಬುದನ್ನು ನಾನು ಅವಳಿಗೆ ಯಾವಾಗ ಹೇಳಿದ್ದೆ?

“ಬೆಲ್ಲ ತಗೊಂಡ ಬಾ. ಪಕ್ಕದ ಮನಿಯಾಗ ಇಟ್ಟಿಯಲ್ಲ, ಅದನ್ನ. ಓಡು!” ಎಂದೆ. ಏಕೆ ಏನು ಎಂದು ಕೇಳದೆ ಓಡಿದಳು.

ಆಯಿ ಪಡಸಾಲೆಯ ಕಂಬಳಿಯ ಮೇಲೆ ಬಿದ್ದಿದ್ದಳು. ಕುಪ್ಪಸ ಹಿಂಡುವಷ್ಟು ಒದ್ದೆ, ಹಣೆಯ ವಿಭೂತಿ ಬೆವರಿಗೆ ಕರಗಿ ಕಿವಿಯ ಕಡೆ ಹರಿದಿತ್ತು. ಹಲ್ಲು ಕಚ್ಚಿಕೊಂಡಿದ್ದಳು. ಮಗಳು ತಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಇನ್ನೂ ನೀರು ಹೊಯ್ಯಲು ನೋಡುತ್ತಿದ್ದಳು. “ಬಿಡ್ರಿ! ಉಸರಿನ ಕೊಳವಿಗಿ ಹೋದೀತು!” ಎಂದು ತಂಬಿಗೆ ಕಸಿದುಕೊಂಡು, ಆಯಿಯನ್ನು ಮಗ್ಗುಲಿಗೆ ಹೊರಳಿಸಿದೆ.

ಪೆಟ್ಟಿಗೆಯಲ್ಲಿ ಕತ್ತು ಮುರಿದು ತೆರೆಯುವಂಥ, ಗ್ಲೂಕೋಸಿನ ಪುಟ್ಟ ಗಾಜಿನ ಸೀಸೆ ಎರಡೇ ಇದ್ದವು. ಅವಸರದಲ್ಲಿ ಗಾಜು ಕೊರೆಯುವ ಪುಟ್ಟ ಗರಗಸವನ್ನು ಸರಿಯಾಗಿ ಎಳೆಯದೆ ಕತ್ತು ಮುರಿಯಲು ಹೋದೆ. ಮೊದಲನೆಯದು ಕೈಯಲ್ಲೇ ಪುಡಿಯಾಗಿ ಗ್ಲೂಕೋಸು ಕಂಬಳಿಯ ಪಾಲಾಯಿತು. ಹೆಬ್ಬೆರಳಿನಿಂದ ನೆತ್ತರು ಬಂತು. ‘ಶಿವನೇ, ಇದೊಂದು ಉಳೀಲಿ’ ಎಂದುಕೊಂಡು ಎರಡನೆಯದನ್ನು ನಿಧಾನವಾಗಿ ಕೊರೆದು ಸಿರಿಂಜಿಗೆ ಎಳೆದೆ. ತಣ್ಣಗಾದ ತೋಳಿನಲ್ಲಿ ನರ ಸಿಗಲೊಲ್ಲದು. ಮೊದಲ ಸಲ ತಪ್ಪಿತು. ಆಯಿಯ ಮಗಳಿಗೆ ತೋಳನ್ನು ಬಿಗಿಯಾಗಿ ಹಿಡಿಯಲು ಹೇಳಿ, ಮುಂಗೈ ತಟ್ಟಿ ತಟ್ಟಿ ಮತ್ತೊಂದು ನರ ಹುಡುಕಿದೆ. ಸಿರಿಂಜಿನೊಳಗೆ ನೆತ್ತರಿನ ಎಳೆ ಕಂಡಿತು. ದಪ್ಪ ದ್ರವವನ್ನು ಒತ್ತಿ ಒತ್ತಿ ನಿಧಾನ ಬಿಟ್ಟೆ.

ಆಯಿಯ ರೆಪ್ಪೆ ಅಲುಗಿತು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು. ಆ ಹೊತ್ತಿಗೆ ಸೊಸೆ ನಡುಗೋಡೆ ಹಾರಿಯೇ ಬಂದಿದ್ದಳು. ಮಡಿಲಲ್ಲಿ ಬೆಲ್ಲದ ಪೆಂಟಿ, ಮೊಣಕಾಲಲ್ಲಿ ತರಚು ಗಾಯ. ಆಯಿ ಎಂಜಲು ನುಂಗುತ್ತಾಳೆಂದು ಖಾತ್ರಿ ಮಾಡಿಕೊಂಡು, ಬೆಲ್ಲ ಕಲಸಿದ ನೀರನ್ನು ಚಮಚದಿಂದ ಸ್ವಲ್ಪಸ್ವಲ್ಪವೇ ಕೊಟ್ಟೆ. ಆರು ಚಮಚ, ಎಂಟು ಚಮಚ. ಆಯಿ ನನ್ನನ್ನು ನೋಡಿದಳು, ಗುರುತು ಹಿಡಿಯಲಿಲ್ಲ. ಆದರೆ ಜೀವ ಇತ್ತ ತಿರುಗಿತ್ತು.

ನಾನು ಚಮಚ ಹಿಡಿದು ಕುಳಿತಿದ್ದಾಗ ಹಿಂದೆ ಗದ್ದಲ ಎದ್ದಿತು. ಆಯಿಯ ಮಗಳು ಅಡುಗೆಮನೆಯಿಂದ ಒಂದು ಸಣ್ಣ ಬಾಟಲಿ ಹಿಡಿದು ಬಂದಿದ್ದಳು. ಹೆಸರಿನ ಚೀಟಿಯಿಲ್ಲದ ಹಳೆಯ ಔಷಧದ ಬಾಟಲಿ, ಒಳಗೆ ಬಿಳಿ ಗುಳಿಗೆಗಳು. ಒತ್ತುವ ಡಬ್ಬಿ ಒಡೆದಿತ್ತೆಂದು ಸೊಸೆ ಗುಳಿಗೆಗಳನ್ನು ಅದಕ್ಕೆ ಸುರಿದಿಟ್ಟಿದ್ದಳು.

“ಇದನ್ನ ನೀರಾಗ ಕಲಿಸಿ ಕುಡಿಸ್ಯಾಳ! ಜ್ವಾಳದಾಗ ಇಡೂ ಗುಳಿಗಿ ಇದು! ನಮ್ಮವ್ವನ್ನ ಕೊಲ್ಲಾಕ ನಿಂತಾಳ!”

ನಮ್ಮ ಕಡೆಯ ಒಕ್ಕಲುಮನೆಯವರಿಗೆ ಬಿಳಿ ಗುಳಿಗೆ ಎಂದರೆ ಮೊದಲು ನೆನಪಾಗುವುದು ಅದೇ. ಹುಳ ಬೀಳಬಾರದೆಂದು ಜೋಳ ತುಂಬಿಡುವ ನೆಲದ ಹಗೇವಿಗೆ, ಚೀಲಕ್ಕೆ ಇಡುವ ವಿಷದ ಗುಳಿಗೆ. ಅದನ್ನು ನುಂಗಿದವರು ಉಳಿಯುವುದು ಕಷ್ಟ ಎಂಬುದೂ ಎಲ್ಲರಿಗೂ ಗೊತ್ತು. ಅಂಗಳದಲ್ಲಿ ಜನ ನೆರೆದಿತ್ತು. ಹೊಲದಿಂದ ಓಡಿಬಂದ ಆಯಿಯ ಮಗ ಒಮ್ಮೆ ತಾಯಿಯನ್ನು, ಒಮ್ಮೆ ಹೆಂಡತಿಯನ್ನು ನೋಡುತ್ತಾ ಕಂಬ ಹಿಡಿದು ನಿಂತಿದ್ದ. ಯಾರೋ ಪೊಲೀಸರ ಹೆಸರೆತ್ತಿದರು. ಸೊಸೆ ಬಾಗಿಲಿಗೆ ಆತು ಕುಳಿತುಬಿಟ್ಟಳು. “ಬಾಯಾರ ಕೊಟ್ಟಿದ್ದ ಗುಳಿಗಿ ಅವು,” ಎಂದು ಒಮ್ಮೆ ಅಂದಳು. ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ನನ್ನ ಕಿವಿಗೆ ಬಿತ್ತು.

ಜೀಪು ಬಂತು. ಡಾಕ್ಟರು ಬೆರಳು ಚುಚ್ಚಿ ರಕ್ತ ನೋಡಿದರು. ಇನ್ನೂ ಕಡಿಮೆಯೇ ಇತ್ತು. ಮತ್ತಷ್ಟು ಗ್ಲೂಕೋಸು ಕೊಟ್ಟು, “ಸೂಜಿ ಔಷಧ ಇನ್ನೂ ಮೈಯಾಗ ಕೆಲಸ ಮಾಡಾಕ ಹತ್ತೈತಿ, ಮತ್ತ ಇಳೀತೈತಿ, ದವಾಖಾನಿಗೆ ಒಯ್ಯೂಣು,” ಎಂದರು. ಆಯಿಯನ್ನು ಜೀಪಿನಲ್ಲಿ ಮಲಗಿಸಿದೆವು. ಸೊಸೆ ಹತ್ತಲು ಬಂದಳು. ಆಯಿಯ ಮಗಳು ಅಡ್ಡ ನಿಂತಳು. “ನೀ ಮುಟ್ಟಬ್ಯಾಡ. ಇನ್ನ ಮ್ಯಾಲ ನಿನ್ನ ಕೈಯಾಗಿನ ನೀರೂ ನಮ್ಮವ್ವಗ ಬ್ಯಾಡ.”

“ಬಾಯಾರ, ಹತ್ರಿ, ಹೊತ್ತಾಗತೈತಿ,” ಎಂದರು ಡ್ರೈವರ್ ಕಾಕಾ.

ನಿಜ ಹೇಳುತ್ತೇನೆ, ಹತ್ತಿಬಿಡೋಣ ಅನ್ನಿಸಿತು. ಉಪವಾಸದಿಂದ ಹಿಂಗಾತು ಅಂದರೆ ಸಾಕಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ತಪ್ಪು ನನ್ನದೆಂದರೆ ನಾಳೆ ಯಾರು ನನ್ನ ಮಾತು ಕೇಳಿಯಾರು? ಸೂಜಿಯನ್ನೇ ಬಿಟ್ಟಾರು. ಆಸ್ಪತ್ರೆಗೆ ಕೆಟ್ಟ ಹೆಸರು. ನನ್ನ ಬಾಯಿಗೆ ಹೆದರುತ್ತಿದ್ದ ಊರು ನನ್ನ ಬೆನ್ನ ಹಿಂದೆ ನಗುತ್ತದೆ. ಇಷ್ಟೆಲ್ಲ ಒಂದು ಗಳಿಗೆಯಲ್ಲಿ ತಲೆಯಲ್ಲಿ ಹಾದುಹೋಯಿತು. ಅಷ್ಟರಲ್ಲಿ, ಮತ್ತೆ ಬಾಗಿಲ ಬಳಿ ಹೋಗಿ ಕುಳಿತಿದ್ದ ಸೊಸೆಯತ್ತ ಕಣ್ಣು ಹೋಯಿತು. ಅವಳು ಅಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ನಾನು ಈಗ ಹೊರಟರೆ ಆ ಮನೆಯಲ್ಲಿ ಅವಳಿಗೆ ಬಾಳುವೆ ಇಲ್ಲ.

“ಡಾಕ್ಟರ, ನನಗ ಎರಡ ನಿಮಿಷ ಕೊಡ್ರಿ,” ಎಂದು ಅಂಗಳಕ್ಕೆ ತಿರುಗಿದೆ.

ಆಯಿಯ ಮಗಳ ಕೈಯಿಂದ ಬಾಟಲಿ ತೆಗೆದುಕೊಂಡು ಅಂಗಳದಲ್ಲಿದ್ದ ಹಿರಿಯರೊಬ್ಬರ ಮೂಗಿನ ಬಳಿ ಹಿಡಿದೆ. “ಮೂಸ್ರಿ ಯಜಮಾನ್ರ. ಜ್ವಾಳದ ಗುಳಿಗಿ ಎಷ್ಟ ದೊಡ್ಡದಿರತೈತಿ? ಎಂಥಾ ನಾತ ಹೊಡಿತೈತಿ? ಇದಕ್ಕ ನಾತ ಐತೇನು?” ಅವರು ಮೂಸಿ, ಇಲ್ಲವೆಂದು ತಲೆಯಾಡಿಸಿದರು. ಅದೇ ತಂಬಿಗೆ ತರಿಸಿದೆ. ಎಲ್ಲರಿಗೂ ಕಾಣುವಂತೆ ಆರು ಗುಳಿಗೆ ಎಣಿಸಿ ನೀರಿಗೆ ಹಾಕಿದೆ. ಕಲಕಿ, ಎತ್ತಿ, ಗಟಗಟ ಕುಡಿದೆ. ಅಷ್ಟು ಸಿಹಿ ನಾನು ಜೀವಮಾನದಲ್ಲಿ ಕುಡಿದಿಲ್ಲ. ಕೊನೆಗೆ ನಾಲಿಗೆಯ ಬುಡದಲ್ಲಿ ಕಹಿ ನಿಂತಿತು.

“ಇದು ವಿಷ ಅಲ್ಲ. ಚಾದಾಗ ಹಾಕ್ಕೊಳ್ಳೂ ಸಿಹಿ. ನಾನ ಈಕಿಗೆ ಕೊಟ್ಟೇನಿ. ಇದು ಬಾಯಿಗಷ್ಟ ಸಿಹಿ, ಮೈಗೆ ಬಲ ಕೊಡಂಗಿಲ್ಲ. ಸಕ್ಕರಿ ಇಳದಾಗ ಇದನ್ನ ಕೊಟ್ರ ಬರೇ ನೀರ ಕೊಟ್ಟಂಗ. ಅದನ್ನ ನಾ ಹೇಳಬೇಕಿತ್ತು, ಹೇಳಲಿಲ್ಲ. ಸೂಜಿ ಹಾಕಿಸ್ಕೊಳ್ಳೂ ಮಂದಿ ಉಪಾಸ ಇರಬಾರದು, ಅದನ್ನೂ ಹೇಳಲಿಲ್ಲ. ಈ ಹೆಣ್ಣುಮಗಳು ನಾ ಹೇಳಿದಂಗ ಮಾಡ್ಯಾಳ. ತಪ್ಪ ನಂದು. ಬೈಯೂದಿದ್ರ ನನಗ ಬೈರಿ. ಬೆಲ್ಲ ತಂದು ಆಯಿ ಜೀವಾ ಉಳಿಸಿದಾಕಿನೂ ಈಕೀನ.”

ಡಾಕ್ಟರು ಜೀಪಿನಿಂದಿಳಿದು ನನ್ನ ಪಕ್ಕಕ್ಕೆ ಬಂದು ನಿಂತರು. “ಬಾಯಾರಿಗೆ ಪಾಠ ಹೇಳಿಕೊಟ್ಟಾಂವ ನಾನು. ತಪ್ಪ ಇಬ್ಬರದೂ,” ಎಂದರು. ಆ ಮನುಷ್ಯನಿಗೆ ಹಾಗೆ ಹೇಳುವ ಅಗತ್ಯವೇ ಇರಲಿಲ್ಲ. ಇವತ್ತಿಗೂ ನೆನೆದರೆ ಕಣ್ಣು ತುಂಬುತ್ತದೆ. ಆಯಿಯ ಮಗ ಆಗ ಕಂಬ ಬಿಟ್ಟು ಬಂದು ಹೆಂಡತಿಯ ತೋಳು ಹಿಡಿದೆಬ್ಬಿಸಿ ಜೀಪಿಗೆ ಹತ್ತಿಸಿದ. ಅವನ ಅಕ್ಕ ಮುಖ ತಿರುಗಿಸಿದಳು, ಆದರೆ ಅಡ್ಡ ಬರಲಿಲ್ಲ.

ಆಯಿ ಐದು ದಿನ ಆಸ್ಪತ್ರೆಯಲ್ಲಿದ್ದಳು. ಎರಡು ದಿನ ಗ್ಲೂಕೋಸಿನ ಬಾಟಲಿ ಖಾಲಿಯಾಗಿ ನಿಲ್ಲದಂತೆ ನೋಡಿಕೊಂಡೆವು. ಮೂರನೆಯ ದಿನ ನನ್ನ ಗುರುತು ಹಿಡಿದು, “ನೀವ ಏನ್ರಿ ಬಾಯಾರ? ಬೈಲಾರದ ಸುಮ್ನ ಕುಂತೀರಿ, ಆರಾಮ ಇಲ್ಲೇನ?” ಎಂದಳು. ನಾನು ಹೊರಗೆ ಹೋಗಿ ಚೆನ್ನಾಗಿ ಅತ್ತು ಬಂದೆ.

ಆ ವಾರ ಡಾಕ್ಟರೂ ನಾನೂ ಕುಳಿತು ಪಾಠವನ್ನು ಮೊದಲಿನಿಂದ ಬರೆದೆವು. ಬರೆಯುವುದು ಸುಲಭವಾಗಿತ್ತು, ಕೇಳುವವರೇ ಇರಲಿಲ್ಲ. ಬುಧವಾರ ಕಿತ್ತೂರಿನ ಆಚೆಯ ಹಳ್ಳಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಗುಳಿಗೆಯ ಡಬ್ಬಿಗಳನ್ನು ತಂದು ನನ್ನ ಮೇಜಿನ ಮೇಲಿಟ್ಟು ಹೋದರು. ಶುಕ್ರವಾರ ಕಟಕೋಳದಲ್ಲಿ ಇಬ್ಬರು ಸೂಜಿಯನ್ನೇ ನಿಲ್ಲಿಸಿದ್ದರು. ಕ್ಯಾನ್ಸರಿನ ಪ್ರಶ್ನೆ ಕೇಳುತ್ತಿದ್ದ ಹಿರಿಯರು ಮಾತ್ರ ಬಂದು, “ನಾ ಮೊದಲ ಹೇಳಿದ್ದಿಲ್ಲೇನ್ರಿ?” ಎಂದು ಗೆದ್ದವರಂತೆ ಕುಳಿತರು. ಅವರ ಪ್ರಶ್ನೆಯೇ ಬೇರೆ, ಆದದ್ದೇ ಬೇರೆ ಎಂದು ತಿಳಿಸಿ ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು. ಅವರಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಎರಡನೆಯ ಸೋಮವಾರ ದೊಡವಾಡದ ಚಾವಡಿ ಖಾಲಿ. ಡಾಕ್ಟರು ಅಂದು ನನ್ನನ್ನು ಒಬ್ಬಳನ್ನೇ ಬಿಡದೆ ಜೊತೆಗೇ ಉಳಿದಿದ್ದರು. ಸ್ಪಿರಿಟ್ ದೀಪ ಹಚ್ಚಿ, ಆರಿಸಿ, ಮತ್ತೆ ಹಚ್ಚಿದೆ. ಹತ್ತೂವರೆಯ ಹೊತ್ತಿಗೆ ಓಣಿಯ ತುದಿಯಲ್ಲಿ ಆಯಿ ಕಂಡಳು. ಸೊಸೆಯ ಹೆಗಲ ಮೇಲೆ ಕೈ. ಹಿಂದೆ ಮಗ, ಮಗಳು, ಅವರ ಹಿಂದೆ ಏನಾಗುತ್ತದೋ ನೋಡೋಣ ಎಂದು ಬಂದ ಅರ್ಧ ಓಣಿ.

ಆಯಿ ಚಾವಡಿಯ ಕಟ್ಟೆ ಹತ್ತಿ, ಎಲ್ಲರಿಗೂ ಕಾಣುವ ಜಾಗದಲ್ಲಿ ಕುಳಿತಳು.

“ಬಾಯಾರ, ಇವತ್ತೂ ಶ್ರಾವಣ ಸೋಮಾರ. ನಾ ಎರಡ ರೊಟ್ಟಿ ಉಂಡ ಬಂದೇನಿ. ಶಿವಗ ಕೈ ಮುಗದ ಹೇಳೇನಿ, ಈ ಸಲ ನನ್ನ ಉಪಾಸ ಬ್ಯಾರೆಯವ್ರ ಮಾಡ್ಲಿ ಅಂತ.”

ಜನ ನಕ್ಕರು. ಆಯಿ ನಗಲಿಲ್ಲ. ಸೊಂಟದ ಚಂಚಿ ಬಿಚ್ಚಿದಳು. ಎಲೆಯ ಕಿಸೆ, ಅಡಿಕೆಯ ಕಿಸೆ, ಸುಣ್ಣದ ಡಬ್ಬಿಯ ಕಿಸೆ. ಕೊನೆಯ ಕಿಸೆಯಿಂದ ಬೆಲ್ಲದ ಒಂದು ಚೂರು ತೆಗೆದು ಸೊಸೆಯ ಅಂಗೈಯಲ್ಲಿಟ್ಟಳು.

“ಇನ್ನ ಕೇಳ್ರಿ ಎಲ್ಲಾರೂ. ಅವತ್ತ ಈಕಿ ಕೊಟ್ಟ ನೀರು ನನ್ನ ನಾಲಿಗಿಗೆ ಸಿಹಿ ಹತ್ತಿತು, ಮೈಗೆ ಹತ್ತಲಿಲ್ಲ. ಅಷ್ಟ. ವಿಷ ಅಂದವ್ರು ತಮ್ಮ ಬಾಯಿ ತೊಳಕೋರಿ. ಇನ್ನ ಮ್ಯಾಲ ನನ್ನ ಬೆಲ್ಲ ಈ ಚಂಚ್ಯಾಗ ಇರತೈತಿ. ನಡುಕ ಬಂದ್ರ ನನ್ನ ಬಾಯಿಗೆ ಹಾಕೂ ಕೈ ಯಾವುದು ಅಂತ ಎಲ್ಲಾರೂ ನೋಡಿ ಇಟಗೋರಿ.” ಸೊಸೆಯ ಕಡೆ ತಿರುಗಿದಳು. “ಹಾಕ.”

ಸೊಸೆಯ ಕೈ ಮೇಲೇಳಲಿಲ್ಲ. ನನ್ನ ಕಡೆ ನೋಡಿದಳು. ನನ್ನ ಹಾಳು ನಾಲಿಗೆ ಸುಮ್ಮನಿರಬೇಕಲ್ಲ. “ಆಯಿ, ನಡುಕ ಇಲ್ಲದ ಬೆಲ್ಲ ತಿನ್ನೂ ಹಂಗಿಲ್ಲ,” ಎಂದುಬಿಟ್ಟೆ.

“ಬಾಯಾರ, ಇವತ್ತೊಂದ ದಿನ ಬಾಯಿ ಮುಚ್ಚರಿ!”

ಡಾಕ್ಟರು ತಲೆ ಕೆಳಗೆ ಹಾಕಿ ನಗುತ್ತಿದ್ದರು. ಸೊಸೆ ಅತ್ತೆಯ ಬಾಯಿಗೆ ಬೆಲ್ಲ ಹಾಕಿದಳು. ಅವತ್ತು ಬಾಗಿಲಲ್ಲಿ ಅಳದೇ ಕುಳಿತಿದ್ದವಳು ಈಗ ಬಿಕ್ಕಿ ಬಿಕ್ಕಿ ಅತ್ತಳು. ಆಯಿಯ ಮಗಳು ಬಂದು ತನ್ನ ಸೆರಗಿನಿಂದ ಅವಳ ಮುಖ ಒರೆಸಿದಳು. ಕ್ಷಮೆ ಗಿಮೆ ಅಂತ ಏನೂ ಕೇಳಲಿಲ್ಲ. ನಮ್ಮ ಕಡೆ ಅಷ್ಟಾದರೆ ಆಯಿತು.

ಅಂದು ಮಧ್ಯಾಹ್ನದೊಳಗೆ ಚಾವಡಿ ತುಂಬಿತು. ಆಯಿ ಇಡೀ ದಿನ ಕಟ್ಟೆ ಬಿಟ್ಟು ಏಳಲಿಲ್ಲ. ನಾನು ಒಂದು ಗಂಟೆ ಹೇಳಿದರೂ ತಲೆಗೆ ಹೋಗದ ಮಾತನ್ನು ಬಂದವರಿಗೆಲ್ಲ ಚಂಚಿ ತೋರಿಸಿ ಎರಡು ನಿಮಿಷದಲ್ಲಿ ತಿಳಿಸುತ್ತಿದ್ದಳು. ಕಾಯಿಲೆ ಇದ್ದವರಿಗೆ ದಿನದ ಚಹಾಕ್ಕೆ ಗುಳಿಗೆ, ಸೂಜಿಯವರ ಕಿಸೆಯಲ್ಲಿ ಬೆಲ್ಲ. ಉಪವಾಸವಿದ್ದರೆ ಮೊದಲು ನಮ್ಮನ್ನು ಕೇಳುವುದು. ಮಾತಾಡಲಾರದೆ ಬಿದ್ದವರ ಬಾಯಿಗೆ ನೀರು ಹೊಯ್ಯದೆ ಮಗ್ಗುಲಿಗೆ ಮಲಗಿಸಿ ದವಾಖಾನೆಗೆ ಓಡುವುದು.

ಅಂದಿನಿಂದ ನಮ್ಮ ಕೆಲಸದ ಕ್ರಮವೇ ಬದಲಾಯಿತು. ಸೂಜಿ ಹಾಕಿಸಿಕೊಳ್ಳುವ ಯಾರೇ ಮುಂದೆ ಕುಳಿತರೂ ನಳಿಗೆ ಕುದಿಸುವ ಮೊದಲು ನಾನು ಕೈಚಾಚಿ, “ಬೆಲ್ಲ ತೋರಸ್ರಿ,” ಎನ್ನುತ್ತಿದ್ದೆ. ಗಂಡಸರು ಅಂಗಿಯ ಒಳಗಿಸೆಯಿಂದ, ಹೆಂಗಸರು ಚಂಚಿಯಿಂದ ತೆಗೆದು ತೋರಿಸಬೇಕು. “ನೀವ ಬ್ಯಾಡ ಅಂತಿದ್ರಿ, ಈಗ ನೀವ ಇಟಗೋ ಅಂತೀರಿ. ನಿಮ್ಮದ ಏನ ಧಾಟಿರಿ ಇದು?” ಎಂದು ಕಟಕೋಳದ ಹಿರಿಯರು ಕಾಡಿಸುತ್ತಿದ್ದರು. ಕೆಲವರ ಕಿಸೆ ದಾರಿಯಲ್ಲೇ ಖಾಲಿಯಾಗಿರುತ್ತಿತ್ತು. ಅದರಲ್ಲಿ ಆಯಿಯೇ ಮೊದಲು. “ಯಾಕ ಆಯಿ, ನಡುಕ ಬಂದಿತ್ತೋ ಆಸೆ ಬಂದಿತ್ತೋ?” ಎಂದು ಕೇಳಿದರೆ, “ಎರಡೂ ಕೂಡೇ ಬಂದ್ವು ನೋಡ್ರಿ,” ಎನ್ನುತ್ತಿದ್ದಳು. ನಾನು ಬೈಯುವುದನ್ನು ಬಿಡಲಿಲ್ಲ. ಆದರೆ ಬೈದ ಮೇಲೆ, “ನಾ ಏನ ಹೇಳಿದೆ, ನನಗ ತಿರುಗಿ ಹೇಳ್ರಿ,” ಎಂದು ಕೇಳುವುದನ್ನು ಕಲಿತೆ. ಅವರು ತಿರುಗಿ ಹೇಳಿದಾಗ ನನ್ನ ಮಾತಿನ ಅರ್ಧ ಎಲ್ಲಿ ಬಿದ್ದುಹೋಗಿದೆ ಎಂದು ನನಗೇ ಕಾಣುತ್ತಿತ್ತು.

ಆಯಿ ಅದಾದ ಮೇಲೆ ಏಳು ವರ್ಷ ಬದುಕಿದಳು. ಮೊಮ್ಮಗಳ ಮದುವೆ ನೋಡಿದಳು. ಅಲ್ಲಿ ಅರ್ಧ ಹೋಳಿಗೆ ತಿನ್ನಲು ನನ್ನ ಅಪ್ಪಣೆ ಬೇಕೆಂದು ಬೈ‌ಲಹೊಂಗಲಕ್ಕೆ ಆಳು ಕಳಿಸಿದ್ದಳು. ಕೊನೆಯವರೆಗೂ ಸೂಜಿ ಹಾಕಿದ್ದು ಸೊಸೆಯೇ.

ನಾನು ನಿವೃತ್ತಳಾದ ಮರುವರ್ಷ ನನಗೂ ಅದೇ ಕಾಯಿಲೆ ಇದೆ ಎಂದು ಗೊತ್ತಾಯಿತು. ಮಾತ್ರೆಯಿಂದ ಸೂಜಿಗೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಯಾರಿಂದಲೋ ಕೇಳಿ ತಿಳಿದ ಆ ಸೊಸೆ ಒಂದು ದಿನ ದೊಡವಾಡದಿಂದ ಬಸ್ಸು ಹಿಡಿದು ನಮ್ಮ ಮನೆಗೆ ಬಂದಳು. ಅವಳ ತಲೆಯೂ ಅಲ್ಲಲ್ಲಿ ನೆರೆದಿತ್ತು. ಬಂದವಳು ನೀರು ಕುಡಿದು, ಕುಶಲ ಕೇಳಿ, ನೆಟ್ಟಗೆ ಕುಳಿತುಕೊಂಡಳು. ನನ್ನದೇ ದನಿ, ನನ್ನದೇ ಗದರಿಕೆ. ಕೈಚಾಚಿ ಕೇಳಿದಳು:

“ಬಾಯಾರ, ಬೆಲ್ಲ ತೋರಸ್ರಿ.”

ನನ್ನ ಹತ್ತಿರ ಇರಲಿಲ್ಲ. ಸಾವಿರ ಜನರ ಕಿಸೆ ತಪಾಸು ಮಾಡಿದವಳು ನನ್ನ ಸೆರಗಿಗೆ ಒಂದು ಚೂರು ಕಟ್ಟಿಕೊಂಡಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ. ಅವಳು ಬೈಯಲಿಲ್ಲ. ಚೀಲಕ್ಕೆ ಕೈಹಾಕಿ ಒಂದು ಹಳೆಯ ಚಂಚಿ ತೆಗೆದಳು. ಬಣ್ಣ ಹೋಗಿತ್ತು, ಅಂಚಿಗೆ ಹೊಸ ಹೊಲಿಗೆ ಬಿದ್ದಿತ್ತು. ಎಲೆಯ ವಾಸನೆ ಇನ್ನೂ ಉಳಿದಿತ್ತು. ಕೊನೆಯ ಕಿಸೆಯಲ್ಲಿ ಬೆಲ್ಲ ಇತ್ತು.

“ಅತ್ತಿ ಹೇಳಿ ಹೋಗಿದ್ರು,” ಎಂದಳು. “ಬಾಯಾರು ಒಬ್ಬಾಕಿನ ಇರತಾಳ, ಆಕಿ ಬಾಯಿಗೆ ಹಾಕೂ ಕೈ ಯಾರದೂ ಇಲ್ಲ, ಒಂದಿಲ್ಲೊಂದ ದಿನ ಆಕಿಗೂ ಬೇಕಾದೀತು ಅಂತ.”

ಆ ಚಂಚಿ ಈಗ ನನ್ನ ಸೊಂಟದಲ್ಲಿದೆ. ಪ್ರತಿ ಸೋಮವಾರ ಹಳೆಯ ಚೂರು ತೆಗೆದು ಹೊಸದು ಇಡುತ್ತೇನೆ.